ಶೇಷಣ್ಣನ ತೂಕದ ರೂಪಾಯಿ

ನನ್ನ ಅಂಗಿಯ ಜೇಬಿನಲ್ಲಿ ಈಗ ಸದಾ ಒಂದು ತಕ್ಕಡಿ ಇರುತ್ತದೆ. ಸಂತೆಯಲ್ಲಿ ಈರುಳ್ಳಿ ತೂಗುವ ಸರಪಳಿಯ ತಕ್ಕಡಿಯಲ್ಲ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ, ಸೆಲ್ ಹಾಕಿದರೆ ಹಸಿರು ಅಂಕಿ ತೋರಿಸುವ ಡಿಜಿಟಲ್ ತಕ್ಕಡಿ. ಕಡೂರಿನ ಬಸ್ಸಿನಲ್ಲಿ ಚಿಲ್ಲರೆಗೆಂದು ಜೇಬಿಗೆ ಕೈಹಾಕಿದರೆ ಮೊದಲು ಹೊರಗೆ ಬರುವುದು ಅದೇ. ಕಂಡಕ್ಟರು ನನ್ನನ್ನು ಚಿನ್ನದ ಅಂಗಡಿಯವನೆಂದು ತಿಳಿದು ಸ್ವಲ್ಪ ಗೌರವ ತೋರಿಸುತ್ತಾನೆ. ನನ್ನ ಹೆಂಡತಿಗೆ ಮಾತ್ರ ಅದನ್ನು ಕಂಡರೆ ನಗು. "ಬುದ್ಧಿ ಇರ್ಬೇಕಾದ್ ಕಡೆ ತಕ್ಕಡಿ ಇಟ್ಕೊಂಡಿದೀರ" ಎನ್ನುತ್ತಾಳೆ. ಜೇಬು ಇರುವುದು ಎದೆಯ ಮೇಲೆ, ಬುದ್ಧಿ ಇರುವುದು ಅಲ್ಲಿಂದ ಒಂದಡಿ ಮೇಲೆ ಎಂದು ನಾನು ವಾದಿಸಬಹುದು. ವಾದಿಸುವುದಿಲ್ಲ. ತಕ್ಕಡಿ ಜೇಬಿಗೆ ಬಂದ ಕಥೆ ಅವಳಿಗೆ ಚೆನ್ನಾಗಿ ಗೊತ್ತು.

ನಿಮಗೂ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅಜ್ಜಂಪುರದಲ್ಲಿ ಕೆಲವು ವರ್ಷ, ತರೀಕೆರೆಯಲ್ಲಿ ಕೆಲವು ವರ್ಷ ಇದ್ದು ಈಗ ಕಡೂರಿನಲ್ಲಿದ್ದೇನೆ. ಹಳೆಯ ಬ್ರಿಟಿಷ್ ನಾಣ್ಯಗಳನ್ನು ಕೂಡಿಡುವ ಹುಚ್ಚು ನನಗೆ ಹತ್ತಿದ್ದು ಒಂದು ಬಾಗಿಲಿನಿಂದ. ಜನಗಣತಿಯ ಕೆಲಸಕ್ಕೆಂದು ದೇವನೂರಿನ ಕಡೆ ಹಳ್ಳಿಯೊಂದರಲ್ಲಿ ಮನೆಮನೆ ತಿರುಗುತ್ತಿದ್ದೆ. ಒಂದು ಮನೆಯ ಚಿಲಕದ ನಟ್ಟಿನ ಕೆಳಗೆ ತಾಮ್ರದ ದುಂಡನೆಯ ಬಿಲ್ಲೆ ಕಂಡಿತು. ಬಗ್ಗಿ ನೋಡಿದರೆ ಅದರ ಮೇಲೆ ಕಿರೀಟ! ನಮ್ಮ ಹಿರಿಯರು ತೂತು ಕಾಸು ಎನ್ನುತ್ತಿದ್ದ ನಾಣ್ಯ ಅಲ್ಲಿ ವಾಶರಾಗಿ ಕೂತಿತ್ತು. ಸೂರ್ಯ ಮುಳುಗದ ಸಾಮ್ರಾಜ್ಯದ ಕಿರೀಟಕ್ಕೆ ಬಂದ ಗತಿ ಕಂಡು ನನಗೆ ನಿಜವಾಗಿ ಆಘಾತವಾಯಿತು. ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಸ್ಟೀಲ್ ವಾಶರು ತಂದುಕೊಟ್ಟು ಅದನ್ನು ಬಿಡಿಸಿಕೊಂಡೆ. ಒಂದು ಹಳೆ ವಾಶರಿಗೆ ನಾಲ್ಕು ಹೊಸ ವಾಶರು ಕೊಡುವ ಸರ್ಕಾರಿ ನೌಕರನನ್ನು ಕಂಡು ಆ ಮನೆಯ ಯಜಮಾನನಿಗೆ ಆದ ಆಘಾತ ನನ್ನದಕ್ಕಿಂತ ದೊಡ್ಡದು. ಜನಗಣತಿಯ ಲೆಕ್ಕದಲ್ಲಿ ನನ್ನನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ಅವನು ಯೋಚಿಸುತ್ತಿದ್ದ ಹಾಗೆ ಕಂಡಿತು.

ಅಲ್ಲಿಂದ ಹೊರಟ ಹುಚ್ಚು ಇಲ್ಲಿಯವರೆಗೆ ಬಂದಿದೆ. ಇದರ ಸುಖ ಬಲ್ಲವರಿಗೇ ಗೊತ್ತು. ಭಾನುವಾರ ಸ್ನಾನ, ತಿಂಡಿ ಮುಗಿಸಿ ಬಿಳಿ ಟವೆಲ್ ಹಾಸಿ ಆಲ್ಬಮ್ ಬಿಚ್ಚಿದರೆ ಮಧ್ಯಾಹ್ನದ ಊಟದವರೆಗೆ ನಾನು ಯಾರ ಕೈಗೂ ಸಿಗುವುದಿಲ್ಲ. ವಿಕ್ಟೋರಿಯಾ ಮೊದಲು ಬರೀ ರಾಣಿ, ಆಮೇಲೆ ಚಕ್ರವರ್ತಿನಿ. ನಾಣ್ಯದ ಮೇಲಿನ ಅಕ್ಷರ ಬದಲಾಯಿತೇ ಹೊರತು ಮುಖದ ಬಿಗುವು ಬದಲಾಗಲಿಲ್ಲ. ಅವಳ ಮಗ ಏಳನೇ ಎಡ್ವರ್ಡ್ ರೂಪಾಯಿಯ ಮೇಲೆ ಕಿರೀಟವಿಲ್ಲದೆ ಬೋಳುತಲೆಯಲ್ಲಿದ್ದಾನೆ. ನನಗೂ ಈಗ ಅದೇ ಸ್ಥಿತಿಯಾದ್ದರಿಂದ ಅವನ ಮೇಲೆ ವಿಶೇಷ ವಿಶ್ವಾಸ. ಐದನೇ ಜಾರ್ಜನ ಮೊದಲ ರೂಪಾಯಿಯ ಕಥೆ ಇನ್ನೂ ಸೊಗಸು. ಅವನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆ ಕೆತ್ತಿದ್ದರು. ಸೊಂಡಿಲು ಗಿಡ್ಡವಾಗಿ ಅದು ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ಹಂದಿ ಇರುವ ರೂಪಾಯಿ ನಮಗೆ ಬೇಡ ಎಂದು ಗಲಾಟೆಯೆದ್ದು, ಸರ್ಕಾರ ನಾಣ್ಯ ಹಿಂತೆಗೆದುಕೊಂಡು ಸೊಂಡಿಲನ್ನು ಉದ್ದ ಮಾಡಿ ಮತ್ತೆ ಟಂಕಿಸಿತು. ಅಷ್ಟು ದೊಡ್ಡ ಸಾಮ್ರಾಜ್ಯ ಒಂದು ಜೋಳದ ಕಾಳಿನಷ್ಟು ಸೊಂಡಿಲಿಗೆ ಬೆಚ್ಚಿಬಿದ್ದದ್ದನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಸುಖ ಇಷ್ಟಾದರೆ, ಆಘಾತಗಳಿಗೂ ಬರವಿಲ್ಲ. ಆಲ್ಬಮ್ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟಕ್ಕೆ ಹೋಗ್ತದೆ ಸಾರ್?" ಮೊಬೈಲಿನಲ್ಲಿ ಯಾವನೋ ಒಬ್ಬ ಹಳೇ ಕಾಸಿಗೆ ಹತ್ತು ಲಕ್ಷ ಎಂದು ವಿಡಿಯೊ ಬಿಟ್ಟ ಮೇಲಂತೂ ಕೇಳಬೇಡಿ. ಲಕ್ಕವಳ್ಳಿಯಿಂದ ಒಬ್ಬ ಮನುಷ್ಯ ಎರಡು ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಪಂಚೆಯ ಗಂಟಿನಿಂದ ಒಂದು ಮೂರುಕಾಸಿನ ಬಿಲ್ಲೆ ತೆಗೆದಿಟ್ಟು, "ಹತ್ತು ಬ್ಯಾಡಿ, ಆರಕ್ಕೆ ಮುಗ್ಸಿ" ಎಂದ. ಆರು ರೂಪಾಯಿ ಇರಬೇಕೆಂದು ನಾನು ಪರ್ಸಿಗೆ ಕೈಹಾಕಿದೆ. ಅವನು ಹೇಳಿದ್ದು ಆರು ಲಕ್ಷ. ಪರ್ಸನ್ನು ಮೆಲ್ಲಗೆ ಜೇಬಿಗೆ ವಾಪಸ್ ಹಾಕಿದೆ. ಒಂದು ವರಮಹಾಲಕ್ಷ್ಮಿ ಹಬ್ಬದಲ್ಲಿ ನನ್ನ ಹೆಂಡತಿ ನಾನು ಸ್ಕೂಲಿನಿಂದ ಬರುವುದರೊಳಗೆ ಇಪ್ಪತ್ತು ನಾಣ್ಯಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಕಲಶದ ಮುಂದೆ ಜೋಡಿಸಿದ್ದಳು. ನಾಣ್ಯಕ್ಕೆ ನೂರು ವರ್ಷಗಳಲ್ಲಿ ಬಂದ ಬಣ್ಣವೇ ಅದರ ಮರ್ಯಾದೆ. ಅದು ಕಾಲುಗಂಟೆಯಲ್ಲಿ ಬಚ್ಚಲಿಗೆ ಹೋಗಿತ್ತು. ಅವಳು, "ನೋಡಿ, ಹೆಂಗೆ ಹೊಳೀತಾವೆ! ಮೂರ್ ವರ್ಷದಿಂದ ಒಂದ್ಸಲನಾದ್ರೂ ತೊಳ್ದಿದ್ರಾ?" ಎಂದಳು.

ಇವೆಲ್ಲ ಚಿಕ್ಕ ಆಘಾತಗಳು. ದೊಡ್ಡದಕ್ಕೆ ಈಗ ಬರುತ್ತೇನೆ.

ಅಜ್ಜಂಪುರದ ಶೇಷಣ್ಣ ಮದುವೆಯ ಅಡುಗೆಯವರು. ವಯಸ್ಸು ಎಪ್ಪತ್ತರ ಹತ್ತಿರ. ನಮ್ಮ ಕಡೆ ಮದುವೆ ಗೊತ್ತಾದರೆ ಛತ್ರಕ್ಕಿಂತ ಮೊದಲು, ಶೇಷಣ್ಣ ಆ ದಿನ ಬಿಡುವಾಗಿದ್ದಾರೋ ಎಂದು ಕೇಳುವವರಿದ್ದರು. ಅವರ ಕೈಯ ಸಾರು ಅಂಥದ್ದು. ಅನ್ನಕ್ಕೆ ಹಾಕಿಸಿಕೊಂಡು ಸಾಲದೆ ಜನ ದೊನ್ನೆ ಒಡ್ಡಿ ಕುಡಿಯುತ್ತಿದ್ದರು. ನನ್ನ ನಾದಿನಿಯ ಮಗನ ಮದುವೆಯಲ್ಲಿ, ಎರಡನೇ ಸಲ ಕಾಫಿ ಸಿಗುತ್ತದೋ ನೋಡೋಣವೆಂದು ಉಗ್ರಾಣಕ್ಕೆ ನುಗ್ಗಿದೆ. ಶೇಷಣ್ಣ ಹಿತ್ತಾಳೆಯ ಸಣ್ಣ ತಕ್ಕಡಿ ಹಿಡಿದು ಸಾರಿನ ಪುಡಿಗೆ ಸಾಮಾನು ತೂಗುತ್ತಿದ್ದರು. ಒಂದು ತಟ್ಟೆಯಲ್ಲಿ ಇಂಗು. ಇನ್ನೊಂದರಲ್ಲಿ ವಿಕ್ಟೋರಿಯಾ!

ಬಗ್ಗಿ ನೋಡಿದೆ. ಬೆಳ್ಳಿಯ ರಾಣಿ ರೂಪಾಯಿ. ಆ ಕಾಲದಲ್ಲಿ ಟಂಕಸಾಲೆಯವರು ಒಂದೇ ಇಸವಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟು, ಕೆಳಗೆ ಚುಕ್ಕೆಗಳನ್ನಿಟ್ಟು ವರ್ಷದ ಗುರುತು ಮಾಡುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ಒಂದು ನಿರ್ದಿಷ್ಟ ಚುಕ್ಕೆಯ ರೂಪಾಯಿಗಾಗಿ ನನ್ನ ಆಲ್ಬಮ್ಮಿನಲ್ಲಿ ಒಂದು ಕಿಂಡಿ ಆರು ವರ್ಷದಿಂದ ಖಾಲಿ ಇತ್ತು. ಆ ಚುಕ್ಕೆಯ ರೂಪಾಯಿ ಇಲ್ಲಿ ಇಂಗಿನ ಎದುರು ಕೂತಿತ್ತು.

"ಶೇಷಣ್ಣ, ಅದನ್ನೊಂದ್ಸಲ ಕೊಡಿ" ಎಂದು ಕೈ ಚಾಚಿದೆ.

"ಮುಟ್ಬೇಡಿ ಮೇಷ್ಟ್ರೇ. ನಮ್ಮಪ್ಪನ ತೂಕದ್ ರೂಪಾಯಿ ಅದು."

ಆಮೇಲೆ ಅವರೇ ವಿವರಿಸಿದರು. ಕೊತ್ತಂಬರಿ, ಮೆಣಸಿನಕಾಯಿ ಸೇರಿನ ಲೆಕ್ಕದಲ್ಲಿ ಅಳೆಯುವುದು. ಒಗರು, ಖಾರ, ಗಾಟು ಇರುವುದನ್ನೆಲ್ಲ ರೂಪಾಯಿ ತೂಕದಲ್ಲಿ ತೂಗುವುದು. ಸೇರು ಕೊತ್ತಂಬರಿಗೆ ಮೆಣಸು ನಾಲ್ಕು ರೂಪಾಯಿ ತೂಕ, ಜೀರಿಗೆ ಮೂರು, ಮೆಂತ್ಯ ಎರಡು, ಇಂಗು ಒಂದು. "ಗ್ರಾಂ ಗೀಂ ನಂಗ್ ಬರಲ್ಲ ಕಣ್ರೀ. ಇದೇ ನನ್ ನಾಲಿಗೆ" ಎಂದರು. ಅದು ಬರೀ ಮಾತಲ್ಲ. ದೇವರಿಗೆ ಎಡೆಯಾಗಿ, ಬಂದವರೆಲ್ಲ ಉಂಡು ಏಳುವವರೆಗೆ ಶೇಷಣ್ಣ ತಾವು ಮಾಡಿದ ಅಡುಗೆಯ ಒಂದು ತೊಟ್ಟನ್ನೂ ಬಾಯಿಗೆ ಹಾಕುವವರಲ್ಲ. ಅವರ ಅಪ್ಪನೂ ಹಾಗೇ. ರುಚಿ ನೋಡಿ ಉಪ್ಪು ಹಾಕುವುದು ಮನೆಯ ಅಡುಗೆಗೆ ಸರಿ, ಶುಭಕಾರ್ಯದ ಅಡುಗೆ ಎಂಜಲಾಗಬಾರದು ಎಂಬುದು ಅವರ ಕಟ್ಟುಪಾಡು. ಹಾಗಾಗಿ ನಾಲಿಗೆ ಮಾಡಬೇಕಾದ ಕೆಲಸವನ್ನೆಲ್ಲ ಆ ರೂಪಾಯಿಯೇ ಮಾಡಬೇಕಿತ್ತು.

ಇಷ್ಟು ಕೇಳಿದ ಮೇಲೆ ಸಭ್ಯನಾದವನು ಕಾಫಿ ಕುಡಿದು ಎದ್ದುಹೋಗುತ್ತಿದ್ದ. ಆದರೆ ನಾಣ್ಯ ಕೂಡಿಡುವವನು ಖಾಲಿ ಕಿಂಡಿಯ ಮುಂದೆ ಸಭ್ಯನಾಗಿ ಉಳಿಯುವುದಿಲ್ಲ. ನಾನು ಒಂದು ಉಪಾಯ ಹುಡುಕಿದೆ. ತರೀಕೆರೆಯ ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹಳೆ ಬೀಗ, ಗಡಿಯಾರ, ನಾಣ್ಯ ಹರಡಿಕೊಂಡು ಕೂರುತ್ತಿದ್ದವನೊಬ್ಬನಿಂದ ಫಳಫಳ ಹೊಳೆಯುವ ವಿಕ್ಟೋರಿಯಾ ರೂಪಾಯಿ ಕೊಂಡೆ. ಅದನ್ನು ತೆಗೆದುಕೊಂಡು ಅಜ್ಜಂಪುರಕ್ಕೆ ಹೋಗಿ, ರೂಪಾಯಿಗೆ ರೂಪಾಯಿ ಬದಲು ಮಾಡಿಕೊಳ್ಳೋಣ ಎಂದೆ. ನಿಮ್ಮದು ಸವೆದಿದೆ, ಇದು ನೋಡಿ ಹೆಂಗಿದೆ ಎಂದೆ. ಶೇಷಣ್ಣ ಎರಡನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಆಡಿಸಿ ನೋಡಿದರು.

"ಕೈಗೆ ಹಗುರ ಬತ್ತದಲ್ಲಾ ಮೇಷ್ಟ್ರೇ ಇದು?"

ಇಲ್ಲಿ ನಾನು ಕೊಟ್ಟ ಉತ್ತರವನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಎರಡೂ ಒಂದೇ ಸರ್ಕಾರದ ಟಂಕಸಾಲೆಯವು, ತೂಕ ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗುವುದಿಲ್ಲ, ಸವೆದಿದ್ದೇ ಹಗುರವಾಗಿರಬೇಕು, ಹೊಳೆಯುವ ವಸ್ತು ಕಣ್ಣಿಗೆ ಹಗುರ ಕಾಣುತ್ತದೆ, ಅದು ವಿಜ್ಞಾನ ಎಂದೆ. ವಿಜ್ಞಾನ! ಅವರ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಸೈನ್ಸ್ ಪಾಸಾಗಿದ್ದು ನನ್ನಿಂದ ಎಂಬ ಋಣ ಶೇಷಣ್ಣನ ಮನಸ್ಸಿನಲ್ಲಿತ್ತು. "ನೀವ್ ಹೇಳಿದ್ಮೇಲೆ ಇನ್ನೇನು" ಎಂದು ಅಪ್ಪನ ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಹಾಕಿದರು. ನನ್ನ ಕಿಂಡಿ ತುಂಬಿತು. ಆ ರಾತ್ರಿ ಸುಖವಾಗಿ ನಿದ್ದೆಯೂ ಬಂತು.

ಒಂದು ವರ್ಷವಾಯಿತು. ಕಡೂರಿನಲ್ಲೇ ಒಂದು ಮದುವೆ, ಶೇಷಣ್ಣನದೇ ಅಡುಗೆ. ಎಲೆಗೆ ಸಾರು ಬಿತ್ತು. ಕಲಸಿ ಬಾಯಿಗಿಟ್ಟರೆ ಬಣ್ಣವಿದೆ, ಬಿಸಿಯಿದೆ, ಸಾರಿಲ್ಲ. ಪಕ್ಕದವರು ನನ್ನ ಕಡೆ ವಾಲಿ, "ಶೇಷಣ್ಣನ್ ಕೈ ಬಿದ್ದೋಯ್ತು ಕಣ್ರೀ. ಈಗ ಎಲ್ ಹೋದ್ರೂ ಹಿಂಗೇ ಸಪ್ಪೆ" ಎಂದರು. ನಾನು ಸುಮ್ಮನಿರಬಹುದಾಗಿತ್ತು. ಆದರೆ ವಿಜ್ಞಾನದ ಮೇಷ್ಟ್ರು ಸುಮ್ಮನಿರುವುದುಂಟೆ? ವಯಸ್ಸಾದ ಮೇಲೆ ಮೂಗಿನ ಶಕ್ತಿ ಕುಗ್ಗುತ್ತದೆ, ಸೌದೆ ಹೋಗಿ ಗ್ಯಾಸ್ ಬಂದ ಮೇಲೆ ಬೇಯುವ ರೀತಿ ಬದಲಾಗಿದೆ, ನಲ್ಲಿ ನೀರಿನಲ್ಲೂ ವ್ಯತ್ಯಾಸವಿದೆ ಎಂದು ಮೂರು ಕಾರಣ ಕೊಟ್ಟು, ಪಾಯಸ ಬರುವವರೆಗೆ ಇಡೀ ಪಂಕ್ತಿಗೆ ಪಾಠ ಮಾಡಿದೆ. ನಾಲ್ಕನೇ ಕಾರಣ ಪಂಕ್ತಿಯಲ್ಲೇ ಕೂತು ಹೋಳಿಗೆ ತಿನ್ನುತ್ತಿತ್ತು.

ಕೆಲವು ತಿಂಗಳ ಮೇಲೆ ನಾದಿನಿ ಅಜ್ಜಂಪುರದಿಂದ ಫೋನ್ ಮಾಡಿ, ಶೇಷಣ್ಣ ಅಡುಗೆ ಕೆಲಸ ಬಿಡುತ್ತಾರಂತೆ, ಪಾತ್ರೆಗಳನ್ನೆಲ್ಲ ಮಾರುತ್ತಾರಂತೆ ಎಂದು ಹೇಳಿದಳು. ಹೆಂಡತಿ ಬಂದು ನನಗೆ ಹೇಳಿದಾಗ ನಾನು, "ಅಯ್ಯೋ ಪಾಪ" ಎಂದು ಆಲ್ಬಮ್ಮಿನ ಹಾಳೆ ತಿರುವಿದೆ. ತಿರುವಿದ ಹಾಳೆಯಲ್ಲಿ ಶೇಷಣ್ಣನ ರೂಪಾಯಿಯೇ ಇತ್ತು. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಒಂಬತ್ತನೇ ತರಗತಿಯ ಲ್ಯಾಬಿನಲ್ಲಿ. ಸಾಂದ್ರತೆಯ ಪಾಠ. ಮಕ್ಕಳಿಗೆ ಆಸಕ್ತಿ ಬರಲೆಂದು ಹೊಳೆಯುವ ಒಂದು ರಾಣಿ ರೂಪಾಯಿ ಒಯ್ದಿದ್ದೆ. ತರೀಕೆರೆಯ ಅದೇ ಮನುಷ್ಯನಿಂದ ಆಮೇಲೆ ಕೊಂಡಿದ್ದು, ಮೊದಲಿನದಕ್ಕೆ ಅವಳಿಜವಳಿ. ಹಳೆ ರೂಪಾಯಿ ಎಂದರೆ ಒಂದು ತೊಲ, ಹನ್ನೊಂದೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಈಗ ನೋಡಿ ಎಂದು ತಕ್ಕಡಿಯ ಮೇಲಿಟ್ಟೆ. ಎಂಟೂವರೆಗೆ ನಿಂತಿತು. ತಕ್ಕಡಿ ಕೆಟ್ಟಿದೆ ಎಂದೆ. ಜೊತೆಗೆ ಒಯ್ದಿದ್ದ ಬೋಳುತಲೆಯ ಎಡ್ವರ್ಡನನ್ನು ಇಟ್ಟೆ. ಹನ್ನೊಂದೂವರೆ ದಾಟಿ ಸರಿಯಾಗಿ ನಿಂತಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ರಾಣಿ ಡೂಪ್ಲಿಕೇಟಾ ಸಾರ್?" ಎಂದಳು.

ಇಷ್ಟು ವರ್ಷ ಮಕ್ಕಳಿಗೆ ಸಾಂದ್ರತೆ ಕಲಿಸಿದವನು ಕೊಂಡ ನಾಣ್ಯವನ್ನು ಒಂದು ಸಲವೂ ತೂಗಿ ನೋಡಿರಲಿಲ್ಲ! ಆಲ್ಬಮ್ಮಿನ ಮಿಕ್ಕ ನಾಣ್ಯಗಳು ಮನೆಮನೆಯಿಂದ ಬಂದವು, ತೂಗುವ ಅಗತ್ಯವೇ ಕಂಡಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಊಟದ ಬೆಲ್ ಹೊಡೆಯುವವರೆಗೆ ನನ್ನ ಸಿಟ್ಟೆಲ್ಲ ಸಂತೆಯವನ ಮೇಲೆ. ನನಗೆ ಮೋಸವಾಯಿತು, ನನ್ನ ದುಡ್ಡು ಹೋಯಿತು, ನನಗೆ, ನನ್ನ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದೆ. ಸಾರನ್ನ. ಒಂದು ತುತ್ತು ಬಾಯಿಗಿಟ್ಟವನು ಹಾಗೇ ಕಲ್ಲಾದೆ. ನಾಲ್ಕು ರೂಪಾಯಿ ತೂಕದ ಮೆಣಸು. ಎರಡು ರೂಪಾಯಿ ತೂಕದ ಮೆಂತ್ಯ. ಒಂದು ರೂಪಾಯಿ ತೂಕದ ಇಂಗು. ಈ ಖೋಟಾ ರೂಪಾಯಿಯ ಅವಳಿ ಒಂದು ವರ್ಷಕ್ಕೂ ಮೇಲಿಂದ ಶೇಷಣ್ಣನ ತಕ್ಕಡಿಯಲ್ಲಿ ಕೂತಿತ್ತು. ಎದುರಿಗಿದ್ದ ಡ್ರಿಲ್ ಮೇಷ್ಟ್ರು, "ಏನ್ ಸಾರ್, ಕಲ್ ಸಿಕ್ತಾ?" ಎಂದು ಕೇಳಿದರು. ಕಲ್ಲಾಗಿದ್ದರೆ ಉಗಿಯಬಹುದಿತ್ತು.

ಮಾರನೆಯ ದಿನ ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ, ಅಸಲಿ ರೂಪಾಯಿಯನ್ನು ಜೇಬಿನಲ್ಲಿಟ್ಟುಕೊಂಡು, ಬೀರೂರಿನಲ್ಲಿ ಬಸ್ಸು ಬದಲಿಸಿ ಅಜ್ಜಂಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ನಾಚಿಕೆಗೇಡಿನ ಲೆಕ್ಕ ಹಾಕಿದೆ. ಶೇಷಣ್ಣ ಒಳಗೆ ನೀರು ತರಲು ಹೋದಾಗ ಗುಟ್ಟಾಗಿ ನಾಣ್ಯ ಬದಲಿಸಿಬಿಟ್ಟರೆ? ಅವರಿಗೆ ತೂಕ ಸಿಕ್ಕಿತು, ನನ್ನ ಮರ್ಯಾದೆಯೂ ಉಳಿಯಿತು. ಬಸ್ಸು ಇಳಿಯುವಾಗ ಅದೇ ಸರಿಯೆಂದು ತೀರ್ಮಾನವೂ ಆಗಿತ್ತು.

ಅವರ ಮನೆಯ ಮುಂದೆ ಹೋಗಿ ನಿಂತೆ. ಕೊಪ್ಪರಿಗೆ, ಕೊಳಗ, ಜಾಲರಿ, ಮಾರುದ್ದದ ಸೌಟುಗಳು ಎಲ್ಲ ಅಂಗಳಕ್ಕೆ ಬಂದಿದ್ದವು. ಪಾತ್ರೆ ಕೊಳ್ಳಲು ಬಂದವನೊಬ್ಬ ಒಂದೊಂದನ್ನೂ ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದ. ಶೇಷಣ್ಣ ಜಗಲಿಯ ಮೇಲೆ ಕೂತಿದ್ದರು. ಇಳಿದುಹೋಗಿದ್ದರು.

"ಬನ್ನಿ ಮೇಷ್ಟ್ರೇ. ಸಾಕು ಅನ್ನುಸ್ತು, ಬಿಟ್ಬಿಟ್ಟೆ. ತೂಕ ಸರಿಯಾಗೇ ಹಾಕ್ತೀನಿ, ಜನ ಸಪ್ಪೆ ಅಂತಾರೆ. ಕಡೇಲಿ ನಾನ್ ಉಂಡ್ರೂ ಸಪ್ಪೇನೇ. ಅಂದ್ಮೇಲೆ ತೂಕದ್ದೇನು ತಪ್ಪು? ನನ್ ನಾಲಿಗೇನೇ ಸತ್ತೋಯ್ತು."

ಅವರ ಹೆಂಡತಿ ಗಂಗಮ್ಮ ಬಾಗಿಲಲ್ಲಿ ನಿಂತು ಹೇಳಿದರು, "ದಿನಾ ಬೆಳಗಾದ್ರೆ ಕನ್ನಡಿ ಮುಂದೆ ನಿಂತ್ಕೊಂಡು ನಾಲಿಗೆ ಚಾಚಿ ನೋಡ್ಕೋತಾರೆ ಕಣ್ರೀ. ಡಾಕ್ಟ್ರು ಏನಿಲ್ಲ ಅಂದ್ರೂ ಕೇಳಲ್ಲ."

ಜಗತ್ತಿನಲ್ಲಿ ನಾಣ್ಯದ ತಪ್ಪನ್ನು ತನ್ನ ನಾಲಿಗೆಯ ಮೇಲೆ ಹಾಕಿಕೊಳ್ಳುವ ಮನುಷ್ಯನಿದ್ದಾನೆಂದು ನಾನು ಎಣಿಸಿರಲಿಲ್ಲ. ಗುಟ್ಟಾಗಿ ರೂಪಾಯಿ ಬದಲಿಸಿ ಏನು ಮಾಡಲಿ? ಅವರು ತಕ್ಕಡಿಯನ್ನೇ ಕೆಳಗಿಟ್ಟಾಗಿತ್ತು. ಹೇಳದೆ ದಾರಿಯಿರಲಿಲ್ಲ. ಜೇಬಿನಿಂದ ಅಸಲಿ ರೂಪಾಯಿ ತೆಗೆದು ಜಗಲಿಯ ಮೇಲಿಟ್ಟೆ. ನಾನು ಕೊಟ್ಟದ್ದು ಖೋಟಾ, ನನಗೇ ಗೊತ್ತಿರಲಿಲ್ಲ, ತೂಗಿ ನೋಡಲಿಲ್ಲ, ವಿಜ್ಞಾನ ಎಂದು ಬಾಯಿಗೆ ಬಂದದ್ದು ಹೇಳಿದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಪಾತ್ರೆ ಬಡಿಯುವ ಸದ್ದು ನಿಂತಿತು.

ಶೇಷಣ್ಣ ಎದ್ದರು. ಒಳಗೆ ಹೋಗಿ ಹಿತ್ತಾಳೆಯ ತಕ್ಕಡಿ ತಂದರು. ಒಂದು ತಟ್ಟೆಯಲ್ಲಿ ಹೊಳೆಯುವ ರಾಣಿ, ಇನ್ನೊಂದರಲ್ಲಿ ಅಪ್ಪನ ಸವೆದ ರಾಣಿ. ಎತ್ತಿದ ಕೂಡಲೇ ಸವೆದದ್ದು ಕೆಳಗೆ ಹೋಯಿತು, ಹೊಳೆಯುವುದು ಮೇಲೆ ಹೋಗಿ ಒಂದು ಸಲ ಕುಣಿಯಿತು. ಇಳಿಸಿ ಮತ್ತೆ ಎತ್ತಿದರು. ಮತ್ತೆ ಅದೇ. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ತಯಾರಾದೆ. ಬರಲಿಲ್ಲ. ತಲೆಯೆತ್ತಿ ನೋಡಿದರೆ ಆ ಮನುಷ್ಯ ನಗುತ್ತಿದ್ದರು! ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದರು. ನನ್ನ ಜೀವಮಾನದ ಆಘಾತಗಳಲ್ಲಿ ಅದೇ ದೊಡ್ಡದು.

"ಲೇ ಗಂಗೂ, ಕೇಳ್ದೇನೇ? ನನ್ ನಾಲಿಗೆ ಸರಿಯಾಗೇ ಐತೆ ಕಣೇ! ಅವತ್ತು ಕೈಗೆ ಹಗುರ ಬತ್ತದೆ ಅಂದಿದ್ನೋ ಇಲ್ವೋ? ಕೈನೂ ಸರಿಯಾಗೇ ಇತ್ತು!"

ಬೈದವರು ಗಂಗಮ್ಮ. ಅದೂ ನನ್ನನ್ನಲ್ಲ, ಗಂಡನನ್ನು. "ಇಪ್ಪತ್ ಸಲ ಹೇಳ್ದೆ, ನಿಮ್ ನಾಲಿಗೆಗೇನೂ ಆಗಿಲ್ಲ ಅಂತ. ನನ್ ಮಾತಿಗಿಂತ ಆ ಬಿಳೀ ಹೆಂಗ್ಸಿನ್ ಮೇಲೇ ನಂಬ್ಕೆ!" ಎಂದು ಹೇಳಿ, ಕೊಪ್ಪರಿಗೆಯ ಕಿವಿ ಹಿಡಿದು ಒಳಗೆ ಎಳೆಯತೊಡಗಿದರು. ಪಾತ್ರೆ ಕೊಳ್ಳಲು ಬಂದವನು ನನ್ನನ್ನು ದುರುಗುಟ್ಟಿ ನೋಡಿದ. ನಾನು ಇನ್ನೊಂದು ಕಿವಿ ಹಿಡಿದೆ. ಆ ಮಧ್ಯಾಹ್ನ ನಾನು ಒಳಗೆ ಸಾಗಿಸಿದ ಪಾತ್ರೆಗಳ ತೂಕವನ್ನು ಯಾವ ರೂಪಾಯಿಯಲ್ಲೂ ಹೇಳಲಾರೆ. ಸೊಂಟ ನಾಲ್ಕು ದಿನ ಹೇಳುತ್ತಿತ್ತು.

ಹೊರಡುವಾಗ ಶೇಷಣ್ಣ ಅಪ್ಪನ ರೂಪಾಯಿಯನ್ನು ತಮ್ಮ ಸೊಂಟದ ಚೀಲಕ್ಕೆ ಸೇರಿಸಿ, ಹೊಳೆಯುವುದನ್ನು ನನ್ನ ಅಂಗೈಗೆ ಹಾಕಿದರು. "ಇಟ್ಕೊಳ್ಳಿ. ನಿಮ್ ಪುಸ್ತಕದಲ್ಲಿ ಜಾಗ ಖಾಲಿ ಆಯ್ತಲ್ಲ" ಎಂದರು.

ಅದೇ ಕಿಂಡಿಯಲ್ಲಿ ಅದನ್ನಿಟ್ಟಿದ್ದೇನೆ. ಬಂದವರೆಲ್ಲ ಆಲ್ಬಮ್ಮಿನಲ್ಲಿ ಮೊದಲು ಬೆರಳಿಡುವುದು ಅದರ ಮೇಲೆಯೇ; ಇದೊಂದು ಮಾತ್ರ ಭಾರಿ ಅಸಲಿ ಕಣ್ರೀ ಎನ್ನುತ್ತಾರೆ. ನಾನು ಆ ವಾರವೇ ಕೊಂಡು ಜೇಬಿಗೆ ಹಾಕಿಕೊಂಡ ತಕ್ಕಡಿ ತೆಗೆದು ಅವರ ಮುಂದಿಡುತ್ತೇನೆ. ಈಗ ಯಾರ ಮನೆಯಲ್ಲಿ ಹಳೆ ಬಿಲ್ಲೆ ಕಂಡರೂ ಕೈಚಾಚುವ ಮೊದಲು, ಇದು ಇಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳುತ್ತೇನೆ. ಒಂದು ಮನೆಯಲ್ಲಿ ಅದು ಎಳೆಮಗುವಿನ ಉಬ್ಬಿದ ಹೊಕ್ಕುಳಿಗೆ ಕಟ್ಟುವ ಬಿಲ್ಲೆ, ಇನ್ನೊಂದರಲ್ಲಿ ಕಿರುಗುಟ್ಟುವ ಕಪಾಟಿನ ಕಾಲಿಗೆ ಕೊಟ್ಟ ಆಸರೆ. ಅವುಗಳ ಕೆಲಸ ಕೆಡಿಸದೆ ಬರಿಗೈಯಲ್ಲಿ ಬರುತ್ತೇನೆ. ದೇವನೂರಿನ ಕಡೆಯ ಆ ಬಾಗಿಲ ಚಿಲಕ ಸ್ಟೀಲ್ ವಾಶರಿನಲ್ಲಿ ಭದ್ರವಾಗಿದೆಯೋ ಇಲ್ಲವೋ ಎಂದು ಒಂದು ಸಲ ಹೋಗಿ ನೋಡಿಕೊಂಡೂ ಬಂದೆ. ಮನೆಯ ಯಜಮಾನ ಈ ಸಲ ಕಾಲಮ್ಮಿನ ಬಗ್ಗೆ ಯೋಚಿಸಲಿಲ್ಲ, ಬಾಗಿಲು ಹಾಕಿಕೊಂಡ.

ಶೇಷಣ್ಣನ ಸಾರಿಗೆ ಜನ ಮತ್ತೆ ದೊನ್ನೆ ಒಡ್ಡುತ್ತಿದ್ದಾರೆ. ಕೈ ವಾಪಸ್ ಬಂತು ಎಂದು ಪಂಕ್ತಿಯಲ್ಲಿ ಮಾತಾಡಿಕೊಳ್ಳುತ್ತಾರೆ. ನಾನು ಕಾರಣ ಹೇಳಲು ಹೋಗುವುದಿಲ್ಲ. ಆದರೆ ನಾನಿರುವ ಮದುವೆಯಲ್ಲೆಲ್ಲ ದೇವರಿಗೆ ಎಡೆಯಾದ ಕೂಡಲೇ ಶೇಷಣ್ಣ ಮೊದಲ ದೊನ್ನೆ ಸಾರನ್ನು ತಾವೇ ಹಿಡಿದು ನನ್ನ ಎಲೆಯ ಮುಂದೆ ಬರುತ್ತಾರೆ. ನಾನು ಕುಡಿದು ಮುಗಿಸುವವರೆಗೆ ಕದಲದೆ ನಿಂತು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳುತ್ತಾರೆ:

"ಸಪ್ಪೆ ಅನ್ನುಸಿದ್ರೆ ಹೇಳ್ಬಿಡಿ ಮೇಷ್ಟ್ರೇ. ಮೊದ್ಲು ನಿಮ್ ಜೇಬ್ ತಡಕ್ತೀನಿ."